ಇಸ್ತಾಂಬುಲ್‌ಗೆ ದೂತರನ್ನು ಕಳಿಸಿದ ಟಿಪ್ಪು ಸುಲ್ತಾನ್

ತಿತಿಮತಿಯಿಂದ ಆನೆಚೌಕೂರು ಗೇಟು ದಾಟಿದರೆ ಮೈಸೂರು ಸೀಮೆ. ಈ ಗಡಿಯಲ್ಲಿ ಬದುಕುವ ನಮಗೆ ಟಿಪ್ಪು ಸುಲ್ತಾನರ ಬಗ್ಗೆ ಬರೆಯೋದು ಸುಲಭವಲ್ಲ. ಹೆಸರು ಎತ್ತಿದರೆ ಸಾಕು, ಇಲ್ಲಿ ಒಬ್ಬೊಬ್ಬರ ಮುಖ ಒಂದೊಂದು ಥರ ಆಗ್ತದೆ. ಆದರೂ ಬರೆಯಬೇಕು.

ತಂದೆ ಹೈದರಾಲಿಗೆ ಓದುಬರಹ ಬರ್ತಿರಲಿಲ್ಲ. ಅದಕ್ಕೇ ಇರಬೇಕು, ದೇವನಹಳ್ಳಿಯಲ್ಲಿ ಹುಟ್ಟಿದ ಈ ಮಗನಿಗೆ ಉಸ್ತಾದರನ್ನಿಟ್ಟು ಕುರ್‌ಆನ್, ಫಿಕ್‌ಹ್, ಅರಬಿ, ಪಾರ್ಸಿ, ಕನ್ನಡ ಕಲಿಸಿದರು. ಮುಂದೆ ಶ್ರೀರಂಗಪಟ್ಟಣದ ಅರಮನೆಯಲ್ಲಿ ಸುಮಾರು 2000 ಗ್ರಂಥಗಳು ಸೇರಿದವು. ಟಿಪ್ಪು ತಾನು ಕಂಡ ಕನಸುಗಳನ್ನೂ ಬರೆದಿಡುತ್ತಿದ್ದರು.

1782ರಲ್ಲಿ ಪಟ್ಟಕ್ಕೆ ಬಂದರು, 1784ರಲ್ಲಿ ಮಂಗಳೂರು ಒಪ್ಪಂದ. ಕಂಪನಿ ಸುಮ್ಮನಿರುವುದಿಲ್ಲ ಅಂತ ಗೊತ್ತಿತ್ತು. ಆಗ ಅವರ ಕಣ್ಣು ಹೋದದ್ದು ಖಲೀಫರ ಕಡೆಗೆ. 1786ರಲ್ಲಿ ಹಡಗು ಹೊರಟವು. ಮಸ್ಕತ್, ಬಸ್ರಾ, ಬಗ್ದಾದ್ ದಾಟಿ ದೂತರು ಇಸ್ತಾಂಬುಲ್ ತಲುಪಿದ್ದು 1787ರಲ್ಲಿ. ದಾರಿಯಲ್ಲಿ, ಆ ಊರಲ್ಲಿ, ರೋಗಕ್ಕೆ ಚಳಿಗೆ ಸತ್ತವರು ಬಹಳ. ಬಸ್ರಾ ಬಂದರು ನಮಗೆ ಕೊಡಿ, ಬದಲಿಗೆ ಮಂಗಳೂರು ತಗೊಳ್ಳಿ ಎಂಬ ಪ್ರಸ್ತಾಪವೂ ಇತ್ತು. ನಮ್ಮ ಕರಾವಳಿಯವರು ಕೇಳಿದರೆ ಬೆರಗಾಗ್ತಾರೆ! ಮರ್ಯಾದೆ ಸಿಕ್ಕಿತು, ಸೈನ್ಯ ಸಿಗಲಿಲ್ಲ. ರಷ್ಯಾದೊಂದಿಗೆ ಯುದ್ಧಕ್ಕಿಳಿದಿದ್ದ ತುರ್ಕರಿಗೆ ಇಂಗ್ಲಿಷರ ಸ್ನೇಹ ಬೇಕಿತ್ತು.

1788ರಲ್ಲಿ ಇನ್ನೊಂದು ತಂಡ ಪ್ಯಾರಿಸ್‌ಗೆ ಹೋಗಿ ದೊರೆ ಹದಿನಾರನೇ ಲೂಯಿಯನ್ನು ಕಂಡಿತು. ಸೈನ್ಯದ ಜೊತೆ ಗಡಿಯಾರ ಮಾಡುವವರು, ಪಿಂಗಾಣಿ ಕೆಲಸದವರು ಬೇಕೆಂದು ಕೇಳಿದ್ದು ನಮಗೆ ಬಹಳ ಹಿಡಿಸಿದ ಸಂಗತಿ.

ಇಷ್ಟು ದೂರ ನೋಡಿದವರು ಪಕ್ಕದ ಕೊಡಗನ್ನು ಹೇಗೆ ನಡೆಸಿಕೊಂಡರು? 1785ರಲ್ಲಿ ದಂಡೆತ್ತಿ ಬಂದು ಬಹಳ ಕೊಡವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಇದನ್ನು ನಾವು ಮುಚ್ಚಿಡಬಾರದು. ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು 1790ರಲ್ಲಿ ಕಂಪನಿ ಜೊತೆ ಕೈಜೋಡಿಸಿದರು. ಮುಂಬಯಿಯ ಇಂಗ್ಲಿಷ್ ಸೈನ್ಯಕ್ಕೆ ಶ್ರೀರಂಗಪಟ್ಟಣದ ದಾರಿ ತೆರೆದದ್ದು ಕೊಡಗಿನ ಮೂಲಕವೇ. 1792ರಲ್ಲಿ ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳು ಒತ್ತೆಯಾಳಾದರು.

1798ರಲ್ಲಿ ಫ್ರೆಂಚರಿಂದ ಮಂಗಳೂರಿಗೆ ಬಂದಿಳಿದವರು ನೂರು ಜನರೂ ಇಲ್ಲ. ಅದೇ ವರ್ಷ ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದ. ಫ್ರೆಂಚರ ಸಹವಾಸ ಬಿಡಿ ಎಂದು ಸುಲ್ತಾನ್ ಸಲೀಮ್ ಬರೆದ ಪತ್ರ ಟಿಪ್ಪುವಿಗೆ ತಲುಪಿದ್ದು ಇಂಗ್ಲಿಷರ ಕೈಯಿಂದಲೇ. ಖಲೀಫರಿಗೆ ಗೌರವದ ಉತ್ತರ ಹೋಯಿತು. 1799ರ ಮೇ 4ರಂದು ಕೋಟೆಯೊಳಗೆ ಹೋರಾಡುತ್ತಲೇ ಶಹೀದರಾದರು. ಗ್ರಂಥಗಳನ್ನು ಕಂಪನಿಯವರು ಹೊತ್ತೊಯ್ದರು.