ಬಾಲಕರ ತಂದೆ ಸಂತ ಜಾನ್ ಬಾಸ್ಕೊ

ಸಂತ ಜಾನ್ ಬಾಸ್ಕೊರವರನ್ನು ನಾವು ಸ್ಮರಿಸುವುದು ಯುಕ್ತ. 1815ರಲ್ಲಿ ಇಟಲಿಯ ಬಡ ರೈತ ಕುಟುಂಬದಲ್ಲಿ ಜನಿಸಿದ ಅವರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. 1841ರಲ್ಲಿ ಗುರುದೀಕ್ಷೆ ಪಡೆದು ಟ್ಯೂರಿನ್ ನಗರಕ್ಕೆ ಬಂದಾಗ, ಕೂಲಿಯನ್ನರಸಿ ಬಂದ ಹುಡುಗರು ಬೀದಿಪಾಲಾಗಿರುವುದನ್ನು ಕಂಡು ಮರುಗಿದರು.

ಹುಲ್ಲಿನ ಅಟ್ಟದಲ್ಲಿ ಅವರು ಮೊದಲು ಮಲಗಲು ಬಿಟ್ಟ ಹುಡುಗರು ಬೆಳಗಾಗುವಷ್ಟರಲ್ಲಿ ಹೊದಿಕೆಗಳೊಡನೆ ಮಾಯವಾಗಿದ್ದರು. ಆದರೂ ಅವರು ಮನೆಯ ಬಾಗಿಲನ್ನು ಮುಚ್ಚಲಿಲ್ಲ. 1847ರ ಮೇ ತಿಂಗಳ ಒಂದು ಸಂಜೆ, ಮಳೆಯಲ್ಲಿ ತೊಯ್ದು ಬಂದ ಸುಮಾರು 15 ವರ್ಷದ ಅನಾಥನಿಗೆ ಅವರ ತಾಯಿ ಮಾರ್ಗರೀತಮ್ಮನವರು ಊಟವಿಕ್ಕಿ, ಅಡುಗೆಮನೆಯಲ್ಲಿ ಇಟ್ಟಿಗೆಗಳ ಮೇಲೆ ಹಲಗೆ ಜೋಡಿಸಿ ಹಾಸಿಗೆ ಮಾಡಿಕೊಟ್ಟರು. ದುಡಿಮೆ, ಪ್ರಾಮಾಣಿಕತೆ, ದೈವಭಕ್ತಿಗಳ ಕುರಿತು ನಾಲ್ಕು ಹಿತನುಡಿ ಹೇಳಿದರು. ಮಲಗುವ ಮುನ್ನಿನ ಆ ಹಿತನುಡಿಯೇ ಮುಂದೆ ಅವರ ವಿದ್ಯಾರ್ಥಿನಿಲಯಗಳ ನಿತ್ಯನಿಯಮವಾಯಿತು. 1853ರಲ್ಲಿ ಅಲ್ಲಿಯೇ ಹೊಲಿಗೆ, ಪಾದರಕ್ಷೆ ತಯಾರಿಕೆಗಳ ಕಲಿಕೆ ಆರಂಭವಾಯಿತು. ದಂಡನೆಯಿಂದಲ್ಲ, ವಿವೇಕ, ಧರ್ಮ, ವಾತ್ಸಲ್ಯಗಳಿಂದ ಹುಡುಗರನ್ನು ತಿದ್ದಬೇಕೆಂಬುದೇ ಅವರ ಮಾರ್ಗವಾಗಿತ್ತು.

1888ರ ಜನವರಿ 31ರಂದು ಅವರು ದೈವಾಧೀನರಾದರು. 1934ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಅವರು ಸ್ಥಾಪಿಸಿದ ಸಲೇಷಿಯನ್ ಸಭೆ 1980ರಲ್ಲಿ ಬೆಂಗಳೂರಿನ ಬೀದಿಮಕ್ಕಳ ಸೇವೆಗೂ ತೊಡಗಿತು.

ಪ್ರಿಯ ವಿಶ್ವಾಸಿಗಳೇ, ದುಡಿಮೆಗಾಗಿ ಊರು ಬಿಟ್ಟು ಬಂದ ಹುಡುಗರು ನಮ್ಮ ಕುಂದಲಹಳ್ಳಿಯ ಬಾಡಿಗೆ ಕೋಣೆಗಳಲ್ಲಿಯೂ ಇದ್ದಾರೆ. ಬಾಡಿಗೆಯನ್ನು ತಪ್ಪದೆ ಕೇಳುವ ನಾವು, ಊಟವಾಯಿತೇ ಎಂದು ಅವರನ್ನು ಕೇಳಿದ್ದೇವೆಯೇ?