ಜಗತ್ತಿನ ಮೊದಲ ರಾಕೆಟ್ ಟಿಪ್ಪು ಸುಲ್ತಾನನದ್ದೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಕೆ.ಆರ್.ಪೇಟೆಯ ಮಾಕವಳ್ಳಿಯಿಂದ ಶ್ರೀರಂಗಪಟ್ಟಣದವರೆಗೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಆಗಾಗ ಸುತ್ತುತ್ತದೆ: ಜಗತ್ತಿನ ಮೊದಲ ರಾಕೆಟ್ ಮಾಡಿದ್ದು ಟಿಪ್ಪು, ಬಾಹ್ಯಾಕಾಶ ಯಾನ ಶುರುವಾಗಿದ್ದೇ ನಮ್ಮೂರಿನಿಂದ. ಎಲ್ಲವೂ ಕಟ್ಟುಕಥೆ ಎಂದು ತಳ್ಳಿಹಾಕುವವರೂ ಇದ್ದಾರೆ. ನಾವು ಪರಿಶೀಲಿಸಿದಾಗ ಸಿಕ್ಕಿದ್ದು ಅರ್ಧ ಸತ್ಯ.

ಯಾವುದು ತಪ್ಪು?

ಮದ್ದಿನಪುಡಿಯ ರಾಕೆಟ್‌ಗಳು ಚೀನಾದಲ್ಲಿ 13ನೇ ಶತಮಾನದಲ್ಲೇ ಇದ್ದವು. ಮೈಸೂರು ಸೇನೆಯಲ್ಲೂ ಟಿಪ್ಪುವಿನ ತಂದೆ ಹೈದರಾಲಿಯ ಕಾಲದಲ್ಲೇ ಬಳಕೆಯಲ್ಲಿದ್ದವು.

ಯಾವುದು ನಿಜ?

ಟಿಪ್ಪು ಹುಟ್ಟಿದ್ದು 1750ರ ಆಸುಪಾಸಿನಲ್ಲಿ, ದೇವನಹಳ್ಳಿಯಲ್ಲಿ. 1780ರ ಪೊಳ್ಳಿಲೂರು ಯುದ್ಧದಲ್ಲಿ ತಂದೆಯ ಜೊತೆ ಹೋರಾಡಿದ. ಅಲ್ಲಿ ಬ್ರಿಟಿಷರ ಮದ್ದುಗುಂಡಿನ ಬಂಡಿಗಳು ಸಿಡಿದವು. ರಾಕೆಟ್ ತಗುಲಿಯೇ ಹಾಗಾಯಿತು ಎಂಬುದು ಪ್ರಚಲಿತ ವಿವರಣೆ. ಆ ಯುದ್ಧದ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಇಂದಿಗೂ ಇದೆ.

1782ರಲ್ಲಿ ಹೈದರಾಲಿ ತೀರಿಕೊಂಡ ಮೇಲೆ ಅಧಿಕಾರಕ್ಕೆ ಬಂದ ಟಿಪ್ಪು, ರಾಕೆಟ್ ಪಡೆಯನ್ನು ಇನ್ನಷ್ಟು ಬೆಳೆಸಿದ. ಕಾಗದ, ಬಿದಿರಿನ ಕೊಳವೆಗಳು ಹೆಚ್ಚು ಒತ್ತಡ ತಡೆಯುವುದಿಲ್ಲ. ಮೈಸೂರಿನ ಕೊಳವೆ ಕಬ್ಬಿಣದ್ದು. ಹಾಗಾಗಿ ಒಳಗೆ ಮದ್ದನ್ನು ಬಿಗಿಯಾಗಿ ತುಂಬಬಹುದಿತ್ತು, ರಾಕೆಟ್ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತಿತ್ತು. ಫಿರಂಗಿ ಎಳೆಯಲು ಎತ್ತುಗಳು ಬೇಕು. ರಾಕೆಟ್ಟನ್ನು ಸೈನಿಕನೇ ಹೊತ್ತೊಯ್ಯಬಹುದು. ಆದರೆ ಗುರಿ ಅಷ್ಟು ಖಚಿತವಿರಲಿಲ್ಲ.

1792ರ ಸೋಲಿನಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲೇ ಹೋರಾಡುತ್ತಾ ಸತ್ತ. ಬ್ರಿಟಿಷರು ಇಲ್ಲಿಂದ ಒಯ್ದ ರಾಕೆಟ್‌ಗಳು ಇಂಗ್ಲೆಂಡ್‌ನ ವಿಲಿಯಂ ಕಾಂಗ್ರೀವ್‌ನ ಪ್ರಯೋಗಗಳಿಗೆ ಪ್ರೇರಣೆಯಾದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಆ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕಿವೆ.

ಬಾಹ್ಯಾಕಾಶಕ್ಕೂ ಇದಕ್ಕೂ ಏನು ನಂಟು?

ಲೋಹದ ಕೊಳವೆಯಲ್ಲಿ ಇಂಧನ ಉರಿಸಿ, ಹಿಂದಕ್ಕೆ ಹೊಗೆ ಚಿಮ್ಮಿಸಿ ಮುಂದಕ್ಕೆ ನುಗ್ಗುವ ತತ್ವ ಒಂದೇ. ಆದರೆ ಭೂಮಿ ಸುತ್ತಲು ಗಂಟೆಗೆ ಸುಮಾರು 28,000 ಕಿ.ಮೀ. ವೇಗ ಬೇಕು. ಟಿಪ್ಪುವಿನ ರಾಕೆಟ್ ಅದರ ಹತ್ತಿರವೂ ಇರಲಿಲ್ಲ.

ಒಂದು ವಿಷಯ ಮಾತ್ರ ಬಹುಕಾಲ ಬದಲಾಗಲಿಲ್ಲ: ಹಾರಿಸಿದ ರಾಕೆಟ್ ಅಲ್ಲಿಗೇ ಮುಗಿಯಿತು. ಒಂದೇ ಪ್ರಯಾಣಕ್ಕೆ ಬಸ್ಸನ್ನೇ ಬಿಸಾಡಿದರೆ ಟಿಕೆಟ್ ದರ ಎಷ್ಟಾಗುತ್ತದೆ, ಯೋಚಿಸಿ! 2015ರಲ್ಲಿ ಅಮೆರಿಕದ ಫಾಲ್ಕನ್ 9ರ ಮೊದಲ ಹಂತ ಉಪಗ್ರಹಗಳನ್ನು ಕಳಿಸಿ ನೆಲಕ್ಕೆ ಮರಳಿತು, 2017ರಲ್ಲಿ ಅಂಥದ್ದೊಂದನ್ನು ಮತ್ತೆ ಹಾರಿಸಿದರು. ಮರುಬಳಕೆಯ ವಾಹನಕ್ಕಾಗಿ ಇಸ್ರೋ 2023 ಮತ್ತು 2024ರಲ್ಲಿ ಇಳಿಯುವ ಪರೀಕ್ಷೆ ನಡೆಸಿದ್ದು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ. ಉಡಾವಣೆ ಅಗ್ಗವಾದಷ್ಟೂ ಬೆಳೆ, ಮಳೆ, ಇಂಟರ್ನೆಟ್‌ಗಾಗಿ ಹೆಚ್ಚು ಉಪಗ್ರಹ ಕಳಿಸಬಹುದು. ಜೊತೆಗೆ ಬಾಹ್ಯಾಕಾಶದ ಕಸವೂ ಹೆಚ್ಚುವ ಅಪಾಯವಿದೆ.

ಕೊನೆಯದಾಗಿ

ಟಿಪ್ಪು ರಾಕೆಟ್ ಕಂಡುಹಿಡಿಯಲಿಲ್ಲ. ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಯುದ್ಧಕ್ಕಿಳಿಸಿದ. ಆ ಸಂದೇಶ ಮತ್ತೆ ಬಂದರೆ, ಉತ್ತರವಾಗಿ ಇದನ್ನು ಕಳಿಸಿ.