ಲಿಯೊನಿಡ್ ಕಾಂಟೊರೊವಿಚ್

ಲಿಯೊನಿಡ್ ವಿಟಾಲಿಯೆವಿಚ್ ಕಾಂಟೊರೊವಿಚ್ (ಜನವರಿ 19, 1912 – ಏಪ್ರಿಲ್ 7, 1986) ಸೋವಿಯತ್ ಒಕ್ಕೂಟದ ಗಣಿತಜ್ಞ ಹಾಗೂ ಅರ್ಥಶಾಸ್ತ್ರಜ್ಞ. ಸೀಮಿತ ಸಂಪನ್ಮೂಲಗಳನ್ನು ಅತ್ಯುತ್ತಮವಾಗಿ ಹಂಚುವ ಲೀನಿಯರ್ ಪ್ರೋಗ್ರಾಮಿಂಗ್ ವಿಧಾನದ ಆದ್ಯ ಪ್ರವರ್ತಕರಲ್ಲಿ ಇವರು ಒಬ್ಬರು. 1975ರಲ್ಲಿ ಟ್ಯಾಲಿಂಗ್ ಕೂಪ್‌ಮನ್ಸ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಬಾಲ್ಯ ಮತ್ತು ಶಿಕ್ಷಣ

ಕಾಂಟೊರೊವಿಚ್ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಜನಿಸಿದರು. ವೈದ್ಯರಾಗಿದ್ದ ತಂದೆ 1922ರಲ್ಲಿ ತೀರಿಕೊಂಡರು. ಹದಿನಾಲ್ಕನೆಯ ವಯಸ್ಸಿನಲ್ಲಿ ಲೆನಿನ್‌ಗ್ರಾಡ್ ವಿಶ್ವವಿದ್ಯಾಲಯವನ್ನು ಸೇರಿ, 1930ರಲ್ಲಿ ಪದವಿ ಪಡೆದು, 1934ರಲ್ಲಿ ಅಲ್ಲಿಯೇ ಪ್ರಾಧ್ಯಾಪಕರಾದರು.

ಸಂಶೋಧನೆ

1938ರಲ್ಲಿ ಪ್ಲೈವುಡ್ ಉದ್ಯಮವೊಂದು ಇವರ ಸಲಹೆ ಕೇಳಿತು. ವಿವಿಧ ಬಗೆಯ ಮರವನ್ನು ಬೇರೆ ಬೇರೆ ಸಾಮರ್ಥ್ಯದ ಯಂತ್ರಗಳಿಗೆ ಹೇಗೆ ಹಂಚಿದರೆ ಉತ್ಪಾದನೆ ಗರಿಷ್ಠವಾಗುತ್ತದೆ ಎಂಬುದು ಪ್ರಶ್ನೆ. ಇದಕ್ಕೆ ಕಂಡುಕೊಂಡ ವಿಧಾನವನ್ನು 1939ರ ಕಿರುಪುಸ್ತಕದಲ್ಲಿ ಪ್ರಕಟಿಸಿದರು.

ಈ ವಿಧಾನದಲ್ಲಿ ಪ್ರತಿ ಸಂಪನ್ಮೂಲಕ್ಕೂ ಒಂದು ಮೌಲ್ಯ ದೊರೆಯುತ್ತದೆ. ಆ ಸಂಪನ್ಮೂಲ ಇನ್ನೊಂದು ಘಟಕದಷ್ಟು ಲಭ್ಯವಾದರೆ ಒಟ್ಟು ಫಲ ಎಷ್ಟು ಹೆಚ್ಚುತ್ತದೆ ಎಂಬುದನ್ನು ಅದು ಸೂಚಿಸುತ್ತದೆ. ಇಂದು ಇದನ್ನು ಛಾಯಾ ಬೆಲೆ ಎನ್ನಲಾಗುತ್ತದೆ. ಇಂಥ ಬೆಲೆಗಳು ತಿಳಿದಿದ್ದರೆ ಕಾರ್ಖಾನೆಯೊಂದು ತನ್ನ ಲಾಭನಷ್ಟವನ್ನು ತಾನೇ ಲೆಕ್ಕ ಹಾಕಿ, ಇಡೀ ವ್ಯವಸ್ಥೆಗೆ ಹೊಂದುವ ನಿರ್ಧಾರಗಳನ್ನು ಗುರುತಿಸಬಹುದು. ಪ್ರತಿಯೊಂದು ವಿವರವನ್ನೂ ಕೇಂದ್ರವೇ ಆಜ್ಞಾಪಿಸಬೇಕಾಗಿಲ್ಲ.

ವಿರೋಧ ಮತ್ತು ಮನ್ನಣೆ

ಮೌಲ್ಯದ ಮೂಲ ಶ್ರಮವೇ ಎಂಬ ಮಾರ್ಕ್ಸ್‌ವಾದಿ ಸಿದ್ಧಾಂತಕ್ಕೆ ಈ ವಿಚಾರ ವಿರುದ್ಧವೆಂದು ಅನೇಕ ಸೋವಿಯತ್ ಅರ್ಥಶಾಸ್ತ್ರಜ್ಞರು ಆಕ್ಷೇಪಿಸಿದರು. ಯುದ್ಧಕಾಲದಲ್ಲಿ ಬರೆದ ಇವರ ಪ್ರಮುಖ ಆರ್ಥಿಕ ಗ್ರಂಥ ಬೆಳಕು ಕಂಡದ್ದು 1959ರಲ್ಲಿ. ಈ ನಡುವೆ, 1949ರಲ್ಲಿ, ಗಣಿತದ ಸಾಧನೆಗಾಗಿ ಸ್ಟಾಲಿನ್ ಪ್ರಶಸ್ತಿ ಲಭಿಸಿತ್ತು. 1964ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಪೂರ್ಣ ಸದಸ್ಯರಾದರು. 1965ರಲ್ಲಿ ನೆಮ್ಚಿನೋವ್ ಮತ್ತು ನೊವೊಝಿಲೋವ್ ಅವರೊಂದಿಗೆ ಲೆನಿನ್ ಪ್ರಶಸ್ತಿ ಪಡೆದರು. ಆದರೂ ಇವರು ಬಯಸಿದಂತೆ ದೇಶದ ಬೆಲೆ ವ್ಯವಸ್ಥೆ ಬದಲಾಗಲಿಲ್ಲ.

ಪ್ರಭಾವ

ಅಮೆರಿಕದಲ್ಲಿ ಜಾರ್ಜ್ ಡ್ಯಾಂಟ್ಜಿಗ್ 1947ರಲ್ಲಿ ಇದೇ ಕ್ಷೇತ್ರದಲ್ಲಿ ಸ್ವತಂತ್ರವಾಗಿ ಸಿಂಪ್ಲೆಕ್ಸ್ ವಿಧಾನವನ್ನು ರೂಪಿಸಿದರು. 1960ರಲ್ಲಿ ಡ್ಯಾಂಟ್ಜಿಗ್ ಮತ್ತು ಫಿಲಿಪ್ ವುಲ್ಫ್ ದೊಡ್ಡ ಸಮಸ್ಯೆಯನ್ನು ವಿಭಜಿಸುವ ವಿಧಾನವನ್ನು ಮಂಡಿಸಿದರು. ಅದರಲ್ಲಿ ಕೇಂದ್ರವು ಬೆಲೆಗಳನ್ನು ಪ್ರಕಟಿಸುತ್ತದೆ. ಪ್ರತಿ ಘಟಕವೂ ತನ್ನ ಯೋಜನೆಯನ್ನು ಮರಳಿ ಸಲ್ಲಿಸುತ್ತದೆ. ಅದಕ್ಕನುಗುಣವಾಗಿ ಬೆಲೆಗಳು ಪರಿಷ್ಕೃತವಾಗುತ್ತವೆ. ಸ್ವತಂತ್ರ ಪೂರೈಕೆದಾರರು ತಮ್ಮ ವೆಚ್ಚದ ವಿವರಗಳನ್ನು ಪೂರ್ತಿಯಾಗಿ ಬಿಟ್ಟುಕೊಡದ ಪೂರೈಕೆ ಸರಪಳಿಗಳನ್ನು ಸಮನ್ವಯಗೊಳಿಸಲು ಇಂದು ಬಳಸುವ ಹಲವು ವಿಧಾನಗಳು ಇದೇ ತತ್ವವನ್ನು ಆಧರಿಸಿವೆ.

ಕಾಂಟೊರೊವಿಚ್ 1986ರಲ್ಲಿ ಮಾಸ್ಕೋದಲ್ಲಿ ನಿಧನರಾದರು.